ಅತ್ತೆ ತಂದ ಎಳನೀರು

ಶ್ವಾಸಕೋಶದಲ್ಲಿ ಗಡ್ಡೆಯಿದೆ ಎಂದು ಗೊತ್ತಾಗುವ ಮೊದಲೇ ನನ್ನ ತಲೆ ಕೆಟ್ಟಿತ್ತು. ಪಾಂಡವಪುರದಲ್ಲಿ ಕೆ.ಆರ್. ಪೇಟೆ ಬಸ್ಸು ಹತ್ತಬೇಕಾದವನು ನಾಗಮಂಗಲದ ಬಸ್ಸಿನಲ್ಲಿ ಕೂತಿದ್ದೆನಂತೆ. ಕಂಡಕ್ಟರು ಕೇಳಿದರೆ ಊರಿನ ಹೆಸರೇ ಬರಲಿಲ್ಲವಂತೆ.

ಮೈಸೂರಿನ ಡಾಕ್ಟರು ರಕ್ತಪರೀಕ್ಷೆ ನೋಡಿ ಹೇಳಿದರು: ಕ್ಯಾನ್ಸರ್ ಮಿದುಳಿಗೆ ಹೋಗಿಲ್ಲ. ಗಡ್ಡೆ ಒಂದು ಹಾರ್ಮೋನು ಸುರಿಸುತ್ತಿದೆ, ಅದರಿಂದ ಮೈ ನೀರನ್ನು ಹೊರಬಿಡದೆ ಹಿಡಿದುಕೊಂಡಿದೆ, ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದಿದೆ, ತಲೆ ಕೆಟ್ಟದ್ದು ಅದಕ್ಕೇ. ಗಡ್ಡೆಗೆ ಕೀಮೋ ಕೊಡೋಣ. ಅದು ಕೆಲಸ ಮಾಡುವವರೆಗೆ ನೀರು, ಕಾಫಿ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಲೀಟರು ಮೀರಬಾರದು. ಮೀರಿದರೆ ಫಿಟ್ಸ್ ಬರಬಹುದು.

ಅಕ್ಕಿಹೆಬ್ಬಾಳಿನ ನಮ್ಮ ಮನೆಯಲ್ಲಿ ಆ ಕಾವಲು ಹೆಂಡತಿಯ ಪಾಲಿಗೆ ಬಂತು. ಬೆಳಿಗ್ಗೆ ಒಂದು ಲೀಟರಿನ ಬಾಟಲಿ ತುಂಬಿಡುತ್ತಿದ್ದಳು. ನಾನು ಕಾಫಿ ಕುಡಿದರೆ ಅಷ್ಟೇ ನೀರನ್ನು ಅದರಿಂದ ತುಳಸಿಗೆ ಸುರಿಯುತ್ತಿದ್ದಳು. ನಾನು ತುಳಸಿಯನ್ನೇ ನೋಡುತ್ತಿದ್ದೆ.

ನಾಗಮಂಗಲದಿಂದ ಸೋದರತ್ತೆ ಚೀಲದ ತುಂಬ ಎಳನೀರು ಹೊತ್ತು ನನ್ನನ್ನು ನೋಡಲು ಬಂದರು. ಹೆಂಡತಿ ಬೇಡವೆಂದಳು.

“ಏನಮ್ಮೀ, ಮನೆ ಮುಂದೆ ಹೊಳೆ ಅರೀತಾ ಅದೆ, ಗಂಡಂಗೆ ಒಂದ್ ಗುಟುಕು ಕೊಡಕಿಲ್ವಾ?”

“ಡಾಕ್ಟ್ರು ಯೋಳವ್ರೆ ಕಣತ್ತೆ.”

“ಅಂಥ ಡಾಕ್ಟ್ರು ಮೀನ್ಗೂ ನೀರ್ ಬ್ಯಾಡ ಅಂದಾನು ಬುಡು. ಲೇ ಮಗಾ, ನೀನೇ ಯೋಳ್ಲಾ.”

ಆಗ ನಾನು ಹೆಂಡತಿಯ ಪರ ನಿಂತೆನೆಂದೇ ನಂಬಿದ್ದೆ. ಸೋಡಿಯಂ ವಿಷಯ ಬಿಡಿಸಿ ಹೇಳಿದ್ದು, ಅತ್ತೆ ತಲೆಯಾಡಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಕಾಲೇಜಿನಲ್ಲಿ ಇತಿಹಾಸ ಕಲಿಸಿದವನು ನಾನು. ಸಾಕ್ಷಿ ಕೇಳದೆ ಯಾರನ್ನೂ ನಂಬಿದವನಲ್ಲ, ನನ್ನೊಬ್ಬನನ್ನು ಬಿಟ್ಟು. ಕೀಮೋ ಕೆಲಸ ಮಾಡಿ, ನೀರಿನ ಕಟ್ಟು ಸಡಿಲವಾದ ಮೇಲೆ ಒಂದು ದಿನ, ಅತ್ತೆಗೆ ಅಂದು ನಾನೇ ಬಿಡಿಸಿ ಹೇಳಿದೆನಲ್ಲ ಎಂದು ಮಾತು ಎತ್ತಿದೆ. ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಕೈ ನಿಂತಿತು.

“ನೀವು ಅತ್ಬುಟ್ರಿ. ‘ಇವ್ಳು ನನ್ನ ಒಣಗ್ಸಿ ಸಾಯಿಸ್ತಾವ್ಳೆ’ ಅಂದ್ರಿ. ಅತ್ತೆ ಕೊಚ್ಚಿ ಕೊಚ್ಚಿ ಕೊಟ್ರು, ಕುಡುದ್ರಿ. ಸಂಜೆಗೆ ಆಂಬುಲೆನ್ಸು.”

ಆಂಬುಲೆನ್ಸು ನೆನಪಿದೆ. ಅದು ಕೀಮೋದ ತೊಂದರೆಗೆ ಬಂದದ್ದೆಂದುಕೊಂಡಿದ್ದೆ. ನನ್ನ ಆ ಮಾತನ್ನು ಅತ್ತೆ ಹಬ್ಬಿಸಿ, ಅಷ್ಟು ತಿಂಗಳಿಂದ ನಮ್ಮ ನೆಂಟರಿಷ್ಟರಲ್ಲಿ ಅವಳು ಗಂಡನಿಗೆ ನೀರು ಕೊಡದವಳಾಗಿದ್ದಳು. ಒಮ್ಮೆಯೂ ನನ್ನೆದುರು ಬಾಯಿ ಬಿಟ್ಟಿರಲಿಲ್ಲ.

ಅಲ್ಲೇ ಅತ್ತೆಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಅಂದು ನಾನಾಡಿದ್ದು ಕಾಯಿಲೆಯ ಮಾತು, ನನ್ನನ್ನು ಉಳಿಸಿದವಳು ಇವಳೇ ಎಂದು ಹೇಳಿದೆ. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡರು.

“ಆಯ್ತು ಬುಡ್ಲಾ ಮಗಾ,” ಎಂದು ದನಿ ತಗ್ಗಿಸಿದರು. “ಪಕ್ಕದಲ್ಲೇ ಕುಂತವ್ಳಾ?”

ಹೆಂಡತಿ ಮೊರ ಎತ್ತಿಕೊಂಡು ಒಳಗೆ ಹೋದಳು. ಫೋನು ಇಟ್ಟು, ನಾಳೆ ನಾಗಮಂಗಲಕ್ಕೆ ನಾನೊಬ್ಬನೇ ಹೋಗಿ ಅತ್ತೆಗೆ ಹೇಳಿ ಬರುತ್ತೇನೆ ಎಂದೆ.

“ಬೋರ್ಡ್ ನೋಡಿ ಹತ್ತಿ,” ಎಂದಳು ಒಳಗಿನಿಂದ.