ಕಿವಿಯೊಳಗೆ ಅವ್ವನ ಚುಕ್ಕಿ

ಹೇರ್‌ಪಿನ್ನಿನಿಂದ ಕಿವಿ ಕೆರೆದುಕೊಳ್ಳುವುದು ನನ್ನ ಹಳೆಯ ಚಟ. ಕೆರೆದು ಕೆರೆದು, ಹುಣ್ಣಾಗಿ ಮಾಗಿ, ಕೊನೆಗೆ ಎಡಗಿವಿಯ ದಾರಿಯೇ ಮುಚ್ಚಿಹೋಯಿತು. ತಾಂಬಾದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳಿಗೆ ಈ ಬುದ್ಧಿ ಬೇಕಿತ್ತೆ? ಮೂರು ವರ್ಷ ಎಡಗಡೆ ಕೂತ ಮಕ್ಕಳು ಏನೇ ಹೇಳಲಿ, ತಲೆಯಾಡಿಸಿ ಶಾಬಾಸ್ ಎಂದುಬಿಡುತ್ತಿದ್ದೆ.

ಸಿಂದಗಿಯ ಕಿವಿ ಡಾಕ್ಟರು ದಾರಿ ಕೊರೆದು ಅಗಲ ಮಾಡುತ್ತೇನೆ ಎಂದರು. ಆದರೆ ಒಳಗೆ ಹೊಸ ಚರ್ಮ ಹೊದಿಸದಿದ್ದರೆ ಮತ್ತೆ ಮುಚ್ಚಿಕೊಳ್ಳುತ್ತದಂತೆ. ಕಿವಿಯ ಹಿಂದಿನ ಚರ್ಮ ಸಾಲದು. ತೊಡೆಯದೋ ತೋಳಿನದೋ ತೆಳ್ಳನೆಯ ಪದರ ಬೇಕು. ಯಾವುದು ಬೇಕು, ನೀವೇ ಹೇಳಿ ಎಂದರು. ಜೊತೆಗೆ ಬಂದಿದ್ದ ಅತ್ತೆಯ ಎದುರಿಗೆ ಹಾಗೆ ಕೇಳಬಾರದಿತ್ತು.

“ತೊಡಿ ಚರ್ಮ ಕಿವ್ಯಾಗ?” ಅತ್ತೆ ಎದ್ದೇ ನಿಂತರು. “ದೇವರ ಹೆಸರು ಬೀಳೂ ಕಿವಿ ಐತ್ರಿ ಅದು!”

“ಹಂಗಾದ್ರ ತೋಳಿಂದು ತಗೋತೇನ್ರಿ,” ಎಂದರು ಡಾಕ್ಟರು.

ನನ್ನ ಎರಡೂ ತೋಳ ತುಂಬ ಹಚ್ಚೆ. ಸಣ್ಣವಳಿದ್ದಾಗ ಅವ್ವ ಗಟ್ಟಿಯಾಗಿ ಹಿಡಿದು ಕೂರಿಸಿ ಹಾಕಿಸಿದ ಚುಕ್ಕಿಗಳು. ಬಂಗಾರ ಇಲ್ಲೇ ಉಳಿಯುತ್ತದೆ, ಸತ್ತ ಮೇಲೆ ಸಂಗಡ ಬರುವುದು ಹಚ್ಚೆಯೊಂದೇ ಎಂಬುದು ನಮ್ಮ ಕಡೆಯ ಹೆಂಗಸರ ನಂಬಿಕೆ.

“ಅದನ್ನ ತಗದ್ರ, ನಾಳೆ ಮ್ಯಾಲ ಹೋದಾಗ ಇಕಿನ್ನ ಇಕಿ ಅವ್ವ ಗುರ್ತ ಹೆಂಗ ಹಿಡಿಬೇಕ್ರಿ?” ಅತ್ತೆ ಸೆರಗು ಸರಿಸಿ ತಮ್ಮ ತೋಳನ್ನೇ ಮೇಜಿನ ಮೇಲಿಟ್ಟರು. “ನಂದು ತಗೋರಿ. ಇಲ್ಲಿ ಚುಕ್ಕಿ ಇಲ್ಲದ ಜಾಗಾ ಐತಿ ನೋಡ್ರಿ.”

“ಬ್ಯಾರೆಯವರ ಚರ್ಮ ಹಿಡಿಯೂದಿಲ್ಲವ್ವಾ.”

“ಹದಿನೆಂಟು ವರ್ಷ ಒಂದ ಒಲಿ ಮ್ಯಾಲಿನ ರೊಟ್ಟಿ ತಿಂದೇವಿ. ಬ್ಯಾರೆಯವರು ಹೆಂಗ ಆದೇವ್ರಿ?”

ಡಾಕ್ಟರು ಅತ್ತೆಯ ತೋಳನ್ನು ಮೆಲ್ಲಗೆ ಮೇಜಿನಿಂದ ಸರಿಸಿದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ನಡುವೆ, ಹಾಳಾದ್ದು, ಅವ್ವ ನೆನಪಾಗಿ ಕಣ್ಣೂ ತುಂಬಿತು. ವಿಜ್ಞಾನದ ಟೀಚರಾದರೂ ಆ ಚುಕ್ಕಿಗಳನ್ನು ಕಳೆದುಕೊಳ್ಳಲು ನನಗೂ ಮನಸ್ಸಿರಲಿಲ್ಲ.

“ಅತ್ತಿ, ಚುಕ್ಕಿ ಎಲ್ಲೂ ಹೋಗೂದಿಲ್ರಿ,” ಎಂದೆ. “ತೋಳಿಂದ ಕಿವಿಗಿ ಬರ್ತಾವ, ಅಷ್ಟ. ನನ್ನ ಮೈಯಾಗ ಇರ್ತಾವ.”

ಅತ್ತೆ ಯೋಚಿಸಿ ಯೋಚಿಸಿ ಒಪ್ಪಿದರು. ತೆಗೆಯುವ ತುಂಡಿನಲ್ಲಿದ್ದ ಎರಡು ಚುಕ್ಕಿಗಳೂ ಒಳಗೆ ಹೋಗಲೇಬೇಕೆಂದು ಡಾಕ್ಟರಿಗೆ ತಾಕೀತು ಮಾಡಿದರು.

ಆಪರೇಶನ್ ಆಗಿ ಕೆಲವು ವಾರಗಳ ನಂತರ, ಹೊಸ ಚರ್ಮ ಅಲುಗದಂತೆ ಕಿವಿಯೊಳಗೆ ತುರುಕಿದ್ದ ಬಟ್ಟೆಯ ಬತ್ತಿ ತೆಗೆದರು. ಚರ್ಮ ಚೆನ್ನಾಗಿ ಹಿಡಿದಿದೆ ಎಂದು ಡಾಕ್ಟರು ಹೇಳಿದರೂ ಅತ್ತೆ ನಂಬಲಿಲ್ಲ. ಮೊಬೈಲಿನ ಬೆಳಕು ಬಿಟ್ಟು, ಒಂದು ಕಣ್ಣು ಮುಚ್ಚಿ, ನನ್ನ ಎಡಗಿವಿಗೆ ಮುಖ ಹಚ್ಚಿ ನಿಂತರು. ನಾನು ಬಲಗಿವಿಯನ್ನು ಬೆರಳಿನಿಂದ ಒತ್ತಿ ಮುಚ್ಚಿಕೊಂಡು ಉಸಿರು ಬಿಗಿಹಿಡಿದೆ.

“ಅದಾವವಾ. ನಿಮ್ಮವ್ವನ ಚುಕ್ಕಿ ಎರಡೂ ಅದಾವ.”

ಅತ್ತೆ ಹೇಳಿದ್ದು ಪಿಸುಮಾತಿನಲ್ಲಿ. ನನಗೆ ಪೂರ್ತಿ ಕೇಳಿಸಿತು.