ಗಂಡನ ಹೆಸರು ಕೇಳಿದ ಆ್ಯಪ್

ಕೊರೋನಾ ಮುಗಿದು ಕಾರ್ಖಾನೆಗಳು ಮತ್ತೆ ತುಂಬುತ್ತಿದ್ದ ಕಾಲ. ನಾನು ಶಿಕಾರಿಪುರದ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಎಚ್.ಆರ್. ಮ್ಯಾನೇಜರ್ ಆಗಿದ್ದೆ, ಅಂದರೆ ಕೆಲಸಕ್ಕೆ ಜನರನ್ನು ಆರಿಸಿಕೊಳ್ಳುವವಳು. ಹೆಡ್ ಆಫೀಸಿನವರಿಗೆ ನನ್ನ ಕಣ್ಣಿಗಿಂತ ಮೊಬೈಲಿನ ಕಣ್ಣಿನ ಮೇಲೆ ನಂಬಿಕೆ ಹುಟ್ಟಿತು. ಸಂದರ್ಶನಕ್ಕೆಂದೇ ಒಂದು ಆ್ಯಪ್ ಮಾಡಿಸಿದರು. ಅರ್ಜಿದಾರರು ಮನೆಯಲ್ಲೇ ಕುಳಿತು ವಿಡಿಯೋದಲ್ಲಿ ಉತ್ತರ ಹೇಳಬೇಕು. ಆಯ್ಕೆ, ತಿರಸ್ಕಾರ ಎರಡನ್ನೂ ಸಾಫ್ಟ್‌ವೇರೇ ಮಾಡುತ್ತದೆ.

ಆ್ಯಪ್ ಶುರುವಾದ ವಾರದಲ್ಲೇ ಸೊರಬ ತಾಲ್ಲೂಕಿನ ಹೊಸಬಾಳೆಯಿಂದ ರೇಣುಕಾ ಎಂಬ ಟೈಲರ್ ತನ್ನ ಅತ್ತೆಯೊಂದಿಗೆ ಗೇಟಿಗೆ ಬಂದಳು. ಅವಳಿಗೆ ಬಂದಿದ್ದ ಮೆಸೇಜ್: ‘ವಂಚನೆ ಪತ್ತೆಯಾಗಿದೆ. ಅರ್ಜಿ ತಿರಸ್ಕೃತ.’ ಅದು ಮನೆಮಂದಿಯೆಲ್ಲ ಬಳಸುವ ಫೋನು, ಎಲ್ಲರೂ ಓದಿದ್ದರು.

“ನನ್ ಸೊಸೆ ಎಂತ ಮೋಸ ಮಾಡಿದ್ಲು ಹೇಳ್ರಿ,” ಎಂದರು ಅತ್ತೆ. “ಫೋನ್ ಹಿಡ್ಕಂಡಿದ್ದು ನಾನೇ.”

ವಿಡಿಯೋ ಹಾಕಿ ನೋಡಿದೆ. ಹೊಲಿಗೆಯ ಪ್ರಶ್ನೆಗಳಿಗೆಲ್ಲ ರೇಣುಕಾ ಪಟಪಟನೆ ಉತ್ತರಿಸಿದ್ದಳು. ಕೊನೆಗೆ ಆ್ಯಪ್ ಗಂಡನ ಹೆಸರು ಕೇಳಿತು. ಅವಳು ನಾಚಿ ನಕ್ಕು ಸುಮ್ಮನಾದಳು. ಹಿರಿಯರೆದುರು ಗಂಡನ ಹೆಸರೆತ್ತುವ ರೂಢಿ ಆ ಮನೆಯಲ್ಲಿಲ್ಲ. ಪಕ್ಕದಿಂದ ಅತ್ತೆಯೇ “ಮಂಜಪ್ಪ ಅಂತ” ಎಂದರು. ಅಷ್ಟೇ! ಬೇರೆಯವರು ಉತ್ತರ ಹೇಳಿಕೊಟ್ಟರೆಂದು ಸಾಫ್ಟ್‌ವೇರ್ ತೀರ್ಪು ಕೊಟ್ಟಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ತಾಯಿ ತನ್ನ ಮಗನ ಹೆಸರು ಹೇಳಿದರೆ ಅದು ಕಾಪಿ ಹೊಡೆದಂತೆಯೇ?

ಅಲ್ಲೇ ನಿಂತು ಆ್ಯಪ್ ತಂಡದ ಮುಖ್ಯಸ್ಥನಿಗೆ ಫೋನ್ ಮಾಡಿದೆ. “ಇನ್ನೊಂದ್ ಸಲ ಅಪ್ಲೈ ಮಾಡ್ಲಿ ಬಿಡಿ ಮೇಡಂ,” ಎಂದ. “ಆದ್ರೆ ಫ್ರಾಡ್ ಅನ್ನೋ ಮಾರ್ಕ್ ತೆಗೆಯೋಕೆ ಸಿಸ್ಟಂನಲ್ಲಿ ಆಪ್ಷನ್ ಇಲ್ಲ.”

“ಮಸಿ ಬಳಿಯೋಕೆ ಆಪ್ಷನ್ ಇದೆ, ಒರೆಸೋಕೆ ಇಲ್ವಾ?” ಎಂದು ಕಿರುಚಿದೆ.

ರೇಣುಕಾಳಿಗೆ ಅಂದೇ ಕೆಲಸ ಕೊಡಲು ನಾನು ಸಿದ್ಧಳಾಗಿದ್ದೆ. ಅವಳು ಒಪ್ಪಲಿಲ್ಲ. “ಮೊದ್ಲು ಆ ಮಾತು ಅಳ್ಸಿ ಮೇಡಂ. ಆಮೇಲೆ ಬರ್ತೀನಿ,” ಎಂದು ಅತ್ತೆಯನ್ನು ಕರೆದುಕೊಂಡು ಹೊರಟಳು.

ಹೆಡ್ ಆಫೀಸಿಗೆ ಮೇಲ್ ಬರೆದೆ, ಮೀಟಿಂಗಿನಲ್ಲಿ ಜಗಳವಾಡಿದೆ. ‘ಇದು ಬರೀ ಡೇಟಾ, ಭಾವುಕರಾಗಬೇಡಿ’ ಎಂದು ನನಗೇ ಬುದ್ಧಿ ಹೇಳಿದರು. ಕೊನೆಗೆ, ಮಾರ್ಕ್ ತೆಗೆಯುವ ತನಕ ಆ್ಯಪ್ ಆರಿಸಿದ ಒಬ್ಬರನ್ನೂ ಸೇರಿಸಿಕೊಳ್ಳುವುದಿಲ್ಲ ಎಂದು ಪಟ್ಟು ಹಿಡಿದೆ. ಮಾರ್ಕ್ ಹೋಯಿತು. ಇಲ್ಲದ ಆಪ್ಷನ್ ಎಲ್ಲಿಂದ ಬಂತೋ!

ಖುಷಿಯಿಂದ ರೇಣುಕಾಳಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವಳು ಸೊರಬದ ಒಂದು ಟೈಲರಿಂಗ್ ಅಂಗಡಿ ಸೇರಿದ್ದಳು.

“ಅಳ್ಸಿದ್ದು ಒಳ್ಳೇದಾತು ಮೇಡಂ,” ಎಂದಳು. “ಆದ್ರೆ ತಪ್ಪಾತು ಅಂತ ಅವ್ರು ಯಾರಾದ್ರೂ ಅಂದ್ರಾ?”

ಯಾರೂ ಅಂದಿರಲಿಲ್ಲ. ಅವಳು ಬರಲಿಲ್ಲ.

ಜನರನ್ನು ಆರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವವರು, ಅದು ತಪ್ಪಿದಾಗ ನೊಂದವರ ಮನೆಯ ಬಾಗಿಲಿಗೆ ಹೋಗಿ ಕ್ಷಮೆ ಕೇಳುವವರು ಯಾರೆಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಆ ಫೋನಿನ ನಂತರ ಕ್ಷಮೆ ಕೇಳಲು ಹೊಸಬಾಳೆಗೆ ಹೋದವಳು ನಾನೊಬ್ಬಳೇ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.