ಸೇವಂತಿಗೆಯ ಕೆಳಗಿದ್ದ ಪಿನ್

ಗ್ಲೌಸ್ ತೆಗೆದಾಗ ಅಕ್ಕನ ಬಲಗೈ ಕೆಂಪಗಿರಲಿಲ್ಲ. ಬೆಳ್ಳಗಿತ್ತು. ಸುಟ್ಟ ಚರ್ಮ ಕೆಂಪಗಿರುತ್ತದೆ ಎಂದೇ ನಾನು ತಿಳಿದಿದ್ದೆ.

"ಅಷ್ಟೇನೂ ಉರೀತಿಲ್ಲ ಕಣೋ ಗಿರಿ," ಎಂದಳು.

ನನಗೆ ಸಮಾಧಾನವಾಯಿತು. ಅವಳಿಗೆ ಆಗಲಿಲ್ಲ. ಅಕ್ಕ ಡೆಂಟಿಸ್ಟ್, ನೋವಿಲ್ಲ ಎಂದರೆ ಗಾಯ ಆಳಕ್ಕೆ ಹೋಗಿದೆ ಎಂದು ಅವಳಿಗೆ ಗೊತ್ತಿತ್ತು. ಆ ಕೈಯಲ್ಲೇ ಅವಳು ಇಪ್ಪತ್ತು ವರ್ಷ ಜನರ ಹಲ್ಲು ನೋಡಿದ್ದಳು.

ನಾವಿದ್ದದ್ದು ಮೆಲ್ಬರ್ನ್ ಹೊರಗಿನ ಒಂದು ಹಳೆಯ ರನ್‌ವೇ ಮೇಲೆ. ನಮ್ಮದು ಲ್ಯಾಂಡ್ ಸ್ಪೀಡ್ ಕಾರು. ತಿರುವಿಲ್ಲ, ಪಕ್ಕದಲ್ಲಿ ಎದುರಾಳಿಯಿಲ್ಲ, ನೇರ ದಾರಿಯಲ್ಲಿ ಎಷ್ಟು ವೇಗ ಹೋಗಬಲ್ಲೆವು ಎಂಬುದಷ್ಟೇ ಪಂದ್ಯ. ಕ್ರಾನ್‌ಬರ್ನ್‌ನ ನನ್ನ ಮನೆಯ ಗ್ಯಾರೇಜಿನಲ್ಲಿ ನಾಲ್ಕು ವರ್ಷ ಅದನ್ನು ಕಟ್ಟಿದ್ದೆವು. ಓಡಿಸುವವಳು ಅಕ್ಕ, ಸಿಡ್ನಿಯಿಂದ ವೀಕೆಂಡಿಗೆ ಹಾರಿ ಬರುತ್ತಿದ್ದಳು. ಸೇಫ್ಟಿ ನನ್ನ ಜವಾಬ್ದಾರಿ. ಚೆಕ್‌ಲಿಸ್ಟ್ ಹಿಡಿದು ಎಲ್ಲರ ತಲೆ ತಿನ್ನುವವನು ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಅವತ್ತು ಟೆಸ್ಟ್ ರನ್. ಅರ್ಧ ದಾರಿಯಲ್ಲಿ ಇಂಧನದ ಪೈಪ್ ಬಿಚ್ಚಿಕೊಂಡು ಬೆಂಕಿ ಹತ್ತಿತು. ಡ್ರೈವರ್ ಬಲಗಡೆ ಒಂದು ಕೆಂಪು ಹಿಡಿ ಇರುತ್ತದೆ. ಎಳೆದರೆ ಸೀಟಿನ ಹಿಂದಿನ ಫೈರ್ ಬಾಟಲ್ ತೆರೆದು ಎಂಜಿನ್ ಮೇಲೂ ಡ್ರೈವರ್ ಸುತ್ತಲೂ ನೊರೆ ಚಿಮ್ಮುತ್ತದೆ. ಅಕ್ಕ ಎಳೆದಳು. ಹಿಡಿ ಅಲ್ಲಾಡಲಿಲ್ಲ. ಮತ್ತೆ ಎಳೆದಳು. ಕಾರು ನಿಂತ ಮೇಲೂ ಎಳೆಯುತ್ತಲೇ ಇದ್ದು, ಎಡಗೈಯಲ್ಲಿ ಬೆಲ್ಟ್ ಬಿಚ್ಚಿಕೊಂಡು ತಾನಾಗಿಯೇ ಹೊರಗೆ ಬಂದಳು. ಅಷ್ಟರಲ್ಲಿ ನಾವು ಓಡಿ ಹೋಗಿ ಬೆಂಕಿ ಆರಿಸಿದೆವು. ಫೈರ್ ಸೂಟ್ ಮೈಯನ್ನು ಉಳಿಸಿತ್ತು. ಬೆಂಕಿಯೊಳಗೆ ಹಿಡಿಯನ್ನೇ ಎಳೆಯುತ್ತಿದ್ದ ಕೈಯನ್ನು ಗ್ಲೌಸ್ ಉಳಿಸಲಿಲ್ಲ.

ಆಂಬುಲೆನ್ಸ್ ಹೋದ ಮೇಲೆ ನಾನು ಕಾಕ್‌ಪಿಟ್ ಒಳಗೆ ಬಗ್ಗಿ ನೋಡಿದೆ.

ಪಿನ್ ಹಾಕಿಯೇ ಇತ್ತು.

ಕಾರನ್ನು ಸಾಗಿಸುವಾಗ ಯಾರದೋ ಕೈ ತಗುಲಿ ಬಾಟಲ್ ತೆರೆಯಬಾರದೆಂದು ಹಿಡಿಗೆ ಒಂದು ಪಿನ್ ಹಾಕುತ್ತಾರೆ. ಓಟಕ್ಕೆ ಮುಂಚೆ ತೆಗೆಯಬೇಕು. ಬೆಳಗ್ಗೆ ತೆಗೆದಿದ್ದೆ, ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕಿದ್ದೆ. ಟಿಕ್ ಹಾಕಿದಾಗ ಅದು ನಿಜವೇ ಆಗಿತ್ತು. ಆಮೇಲೆ ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿದರು. ಪೂಜೆಯಿಲ್ಲದೆ ಕಾರು ಹೊರಡುವುದುಂಟೆ? ಪೆಟ್ರೋಲ್ ಪಕ್ಕದಲ್ಲಿ ಕರ್ಪೂರ ಬೇಡ ಎಂದು ನಾನು ಜಂಬದಿಂದ ಬ್ಯಾಟರಿ ದೀಪ ಹಚ್ಚಿದೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. "ಒಳಗೂ ಒಂದು ಹೂ ಮುಡಿಸೋ," ಎಂದರು ಅಮ್ಮ. ಹೂ ಕಟ್ಟಲು ಜಾಗವಿದ್ದದ್ದು ಆ ಹಿಡಿಯೊಂದರಲ್ಲೇ. ಕಟ್ಟುವಾಗ ಎಳೆದುಬಿಟ್ಟೇನು ಎಂದು ಪಿನ್ ಮತ್ತೆ ಹಾಕಿದೆ. ಸೇವಂತಿಗೆಯ ಮಾಲೆ ಸುತ್ತಿ ಬಿಗಿದೆ. ಕಣ್ಣಿಗೆ ಬೀಳಲೆಂದು ಪಿನ್ನಿಗೆ ಕಟ್ಟಿದ್ದ ಕೆಂಪು ಪಟ್ಟಿ ಹೂವಿನೊಳಗೆ ಮರೆಯಾಯಿತು. ಓಟಕ್ಕೆ ನಿಶಾನೆ ತೋರಿಸುವ ಸ್ಟಾರ್ಟರ್ ಬಂದು ಪಿನ್ ತೆಗೆದಿದ್ದೀರಾ ಎಂದು ಕೇಳಿದ. ನಾನು ಚೆಕ್‌ಲಿಸ್ಟ್ ತೋರಿಸಿ ಹೆಬ್ಬೆರಳೆತ್ತಿದೆ.

ಈಗ ಕಪ್ಪಾದ ಹೂವಿನ ನಡುವಿನಿಂದ ಪಿನ್ ಎಳೆದು ಜೇಬಿಗೆ ಹಾಕಿಕೊಂಡೆ. ಹೆದರಿದೆ, ಅಷ್ಟೆ.

ಮೆಲ್ಬರ್ನ್ ಆಸ್ಪತ್ರೆಯಲ್ಲಿ ಡಾಕ್ಟರ್ ಗ್ರಾಫ್ಟ್ ಬೇಕು ಎಂದರು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಕೈಗಿಂತ ತೊಡೆಯೇ ಹೆಚ್ಚು ಉರಿಯುತ್ತದೆ ಎಂದು ಅಕ್ಕ ನಕ್ಕಳು. ಬೆರಳು ಮೊದಲಿನಂತೆ ಮಡಚಬಹುದೇ ಎಂದು ಕೇಳಿದಾಗ ಡಾಕ್ಟರ್, ಅದು ಥೆರಪಿಯ ಮೇಲೆ ನಿಂತಿದೆ, ಈಗಲೇ ಹೇಳಲಾರೆ ಎಂದರು. ಅಕ್ಕ ಆಮೇಲೆ ನಗಲಿಲ್ಲ.

ಓಟ ನಡೆಸುವ ಕ್ಲಬ್ಬಿನವರು ಬಂದು ವಿಚಾರಿಸಿದರು. ಹಿಡಿ ಏಕೆ ಬರಲಿಲ್ಲ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಜೇಬಿಗೆ ಹೋಯಿತು. ಹಿಡಿಯಿಂದ ಬಾಟಲಿಗೆ ಹೋಗುವ ಕೇಬಲ್ ಬಿಗಿದುಕೊಂಡಿರಬೇಕು ಎಂದೆ.

"ಕೇಬಲ್ ಅಲ್ಲ," ಎಂದಳು ಅಕ್ಕ ಮಲಗಿದಲ್ಲಿಂದಲೇ. "ನಂಗೆ ಪ್ಯಾನಿಕ್ ಆಯ್ತು. ಸರಿಯಾಗಿ ಎಳೀಲಿಲ್ಲ ಅನ್ಸತ್ತೆ."

ನಾನು ಸುಮ್ಮನಿದ್ದೆ. ನನ್ನ ತಪ್ಪು ಪಿನ್ನಿಗಿಂತ ದೊಡ್ಡದಾದದ್ದು ಅಲ್ಲಿ.

ಅವಳನ್ನು ಸಿಡ್ನಿಗೆ ಕರೆದೊಯ್ದರು. ಭಾವನಿಗೆ ಆಸ್ಪತ್ರೆಯ ಶಿಫ್ಟ್ ಕೆಲಸ, ಆದ್ದರಿಂದ ನಾನು ರಜೆ ಹಾಕಿ ವೆಸ್ಟ್‌ಮೀಡ್ ಸ್ಟೇಷನ್ ಬಳಿಯ ಅವರ ಫ್ಲ್ಯಾಟಿಗೆ ಹೋದೆ. ಬೆಳಗ್ಗೆ ಕ್ರೀಮ್ ಹಚ್ಚಿ ನೀವುವುದು, ಕಲೆ ಉಬ್ಬದಂತೆ ಬಿಗಿಯಾದ ಪ್ರೆಶರ್ ಗ್ಲೌಸ್ ಹಾಕುವುದು, ಸಂಜೆ ಬೆರಳು ಮುದುಡದಂತೆ ಸ್ಪ್ಲಿಂಟ್ ಪಟ್ಟಿ ಕಟ್ಟುವುದು. ಅವಳ ಜಡೆ ಹೆಣೆಯಲು ಕಲಿತೆ. ಅನ್ನ ಕಲಸಿ ತುತ್ತು ಕೊಡುವಾಗ ಅವಳು ಮುಖ ಆಚೆ ತಿರುಗಿಸುತ್ತಿದ್ದಳು. "ಎಷ್ಟು ಚೆನ್ನಾಗಿ ನೋಡ್ಕೋತಾನೆ ತಮ್ಮ," ಎಂದು ಬಂದವರೆಲ್ಲ ಹೊಗಳಿದರು. ಒಂದೊಂದು ಹೊಗಳಿಕೆಗೂ ನನಗೆ ಎದ್ದು ಓಡಿಹೋಗಬೇಕು ಎನಿಸುತ್ತಿತ್ತು. ಸೇವೆ ಮಾಡಿ ಸುಳ್ಳನ್ನು ತೀರಿಸಬಹುದು ಎಂದುಕೊಂಡಿದ್ದೆ. ಅದು ತೀರುವಂಥದ್ದಲ್ಲ.

ಆರನೆಯ ವಾರ ಹ್ಯಾಂಡ್ ಥೆರಪಿಸ್ಟ್ ಅವಳ ಕೈಗೆ ಹಿಡಿತದ ಬಲ ಅಳೆಯುವ ಒಂದು ಉಪಕರಣ ಕೊಟ್ಟು ಹಿಸುಕಲು ಹೇಳಿದಳು. ಮುಳ್ಳು ಅಲುಗಲಿಲ್ಲ. ಥೆರಪಿಸ್ಟ್ ಸಮಾಧಾನ ಹೇಳಿದಳು. ಅಕ್ಕ ಅತ್ತುಬಿಟ್ಟಳು.

"ಈ ಕೈಲಿ ಮೊದ್ಲೂ ಶಕ್ತಿ ಇರ್ಲಿಲ್ಲ," ಎಂದಳು ಮನೆಗೆ ಬಂದ ಮೇಲೆ. "ಅವತ್ತೇ ಇದ್ದಿದ್ರೆ ಹಿಡಿ ಬರ್ತಿತ್ತು. ದಿನಾ ಕನಸಲ್ಲೂ ಎಳೀತೀನಿ ಗಿರಿ. ಬರಲ್ಲ."

ನಾನು ಪಿನ್ ತೆಗೆದು ಟೇಬಲ್ ಮೇಲಿಟ್ಟೆ. ಅದರ ತುದಿಗೆ ಕರಗಿದ ಕೆಂಪು ಪಟ್ಟಿಯ ಚೂರು ಇನ್ನೂ ಅಂಟಿತ್ತು. ಅವಳಿಗೆ ವಿವರಿಸಬೇಕಾಗಲಿಲ್ಲ.

"ಹಾಕೇ ಇತ್ತಾ?"

"ಹೂ ಕಟ್ಟೋವಾಗ ಹಾಕ್ದೆ ಅಕ್ಕ. ತೆಗೆಯೋದು ಮರೆತೆ."

"ಇಷ್ಟು ದಿನ ನಿನ್ ಜೇಬಲ್ಲಿತ್ತಾ?"

"ಹೂಂ."

ಅವಳು ಎಡಗೈಯಲ್ಲಿ ಪಿನ್ ಎತ್ತಿಕೊಂಡಳು. "ಮರೆತಿದ್ದು ಯಾರಿಗಾದ್ರೂ ಆಗತ್ತೆ. ಆದ್ರೆ ಆರು ವಾರ ನಾನು ನನ್ ಕೈನೇ ಬೈಕೊಂಡೆ ಕಣೋ. ನೀನು ಪಕ್ಕದಲ್ಲಿ ಕೂತು ಕೇಳ್ತಾ ಇದ್ದೆ."

ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಕ್ರೀಮ್ ಹಚ್ಚಲು ಮಾತ್ರ ಕೈ ಚಾಚುತ್ತಿದ್ದಳು. ಐದನೆಯ ದಿನ ಹೇಳಿದಳು: "ಕ್ಲಬ್‌ಗೆ ಬರಿ. ಇದ್ದದ್ದು ಇದ್ದ ಹಾಗೆ. ಇನ್ನೊಬ್ರ ಕಾರಲ್ಲಿ ಹೀಗಾಗಬಾರ್ದು. ಅಮ್ಮಂಗೆ ಮಾತ್ರ ಹೂವಿನ ವಿಷ್ಯ ಹೇಳ್ಬೇಡ, ಜೀವ ಇರೋವರೆಗೂ ಕೊರಗ್ತಾರೆ."

ಬರೆದೆ. ಕ್ಲಬ್ಬಿನವರು ಸೇಫ್ಟಿ ಕೆಲಸದಿಂದ ನನ್ನನ್ನು ತೆಗೆದರು. ಈಗ ಅಲ್ಲಿ ಪಿನ್ನನ್ನು ಕಿತ್ತು ಸ್ಟಾರ್ಟರ್ ಕೈಗೆ ಕೊಟ್ಟರೆ ಮಾತ್ರ ಕಾರು ಹೊರಡುತ್ತದೆ. ಟಿಕ್ ಸಾಲದು.

ನಾನು ಕ್ರಾನ್‌ಬರ್ನ್‌ಗೆ ಮರಳಿದ್ದೇನೆ. ಪಿನ್ ಅವಳ ಬಳಿಯೇ ಇದೆ, ಕೊಡುವುದಿಲ್ಲ ಎಂದಿದ್ದಾಳೆ. ಬಟ್ಟಲಿನಿಂದ ಬಟ್ಟಲಿಗೆ ಕಡಲೆಕಾಳು ಎತ್ತಿ ಹಾಕುವ ವ್ಯಾಯಾಮಕ್ಕೆ ಅದನ್ನೂ ಸೇರಿಸಿಕೊಂಡಿದ್ದಾಳೆ. ಕ್ಲಿನಿಕ್ಕಿಗೆ ಮರಳುವ ದಿನ ಇನ್ನೂ ಗೊತ್ತಿಲ್ಲ. ಮೊದಲಿನ ಹಾಗೆ ನನ್ನೊಡನೆ ನಗುವ ದಿನವೂ.

ಹೋದ ವಾರ ಬೆಳಗ್ಗೆ ಫೋನಿಗೆ ಒಂದು ಫೋಟೊ ಬಂತು. ಬಲಗೈಯ ಹೆಬ್ಬೆರಳು, ತೋರುಬೆರಳು. ನಡುವೆ ಪಿನ್, ಬೀಳದೆ ನಿಂತಿದೆ. ಮಾತೇನೂ ಇಲ್ಲ. ಅಂದಿನಿಂದ ದಿನವೂ ಬರುತ್ತಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ಟಿಕ್ ಹಾಕುತ್ತೇನೆ, ಫೋಟೊವನ್ನು ಕಣ್ಣಾರೆ ನೋಡಿದ ಮೇಲೆ.